ಚಾಂಗಾನಿನಲ್ಲಿ ಎರಡು ದಿನ

ಬೀಜಿಂಗಿನ ವಿಶ್ವವಿದ್ಯಾನಿಲಯಗಳಲ್ಲಿ ಓದುವ ತರುಣರು ಶನಿವಾರ, ಭಾನುವಾರಗಳ ಬಿಡುವಿನಲ್ಲಿ ಪ್ರವಾಸ ಹೊರಡುವ ಊರುಗಳಲ್ಲಿ ಷಿಯಾನ್ ಒಂದು. ಶುಕ್ರವಾರ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಸುಮಾರು 1,200 ಕಿಲೋಮೀಟರ್ ದೂರದ ಆ ನಗರವನ್ನು ಸೇರಬಹುದು. 2012ರ ಕೊನೆಯಲ್ಲಿ ವೇಗದ ರೈಲು ಆರಂಭವಾದ ಮೇಲೆ ಈ ಪ್ರಯಾಣ ಐದಾರು ಗಂಟೆಗಳಿಗೆ ಇಳಿದಿದೆ. ಆದರೂ ಕೈಯಲ್ಲಿ ಹಣ ಕಡಿಮೆಯಿರುವ ವಿದ್ಯಾರ್ಥಿಗೆ ರಾತ್ರಿಯ ರೈಲೇ ಮೆಚ್ಚು. ಒಂದು ರಾತ್ರಿಯ ವಸತಿಯ ಖರ್ಚು ಉಳಿಯುತ್ತದೆ. ಅಂತಹ ಒಂದು ತಂಡದೊಡನೆ ನಾವೂ ಹೊರಡೋಣ.

ನಿಲ್ದಾಣದಿಂದ ಹೊರಬಂದೊಡನೆ ಎದುರಿಗೆ ಕಾಣುವುದು ಕೋಟೆಯ ಗೋಡೆ. ಹನ್ನೆರಡು ಮೀಟರ್ ಎತ್ತರದ, ಮೇಲ್ಭಾಗದಲ್ಲಿ ವಿಶಾಲವಾದ ರಸ್ತೆಯಂತಿರುವ ಈ ಗೋಡೆ ನಗರವನ್ನು 13.7 ಕಿಲೋಮೀಟರ್ ಉದ್ದಕ್ಕೆ ಬಳಸಿಕೊಂಡಿದೆ. ಅದರ ಮೇಲೆ ಬಾಡಿಗೆಗೆ ಸೈಕಲ್ಲುಗಳು ದೊರೆಯುತ್ತವೆ. ತರುಣರು ಅವನ್ನೇರಿ ಒಂದು ಸುತ್ತು ಬರುತ್ತಾರೆ. ಪ್ರಾಚೀನ ಚಾಂಗಾನನ್ನು ಸುತ್ತಿ ಬಂದೆವೆಂದು ಅವರು ಹಿಗ್ಗುವುದುಂಟು. ಆದರೆ ಅದು ನಿಜವಲ್ಲ. ಈ ಕೋಟೆಯನ್ನು ಕಟ್ಟಿದವರು 14ನೆಯ ಶತಮಾನದ ಮಿಂಗ್ ಅರಸರು. ಅದಕ್ಕೆ ಏಳು ನೂರು ವರ್ಷಗಳ ಹಿಂದೆ, ಟಾಂಗ್ ಚಕ್ರವರ್ತಿಗಳ ಕಾಲದಲ್ಲಿ, ಇದೇ ನೆಲದಲ್ಲಿದ್ದ ಚಾಂಗಾನಿನ ಹೊರಗೋಡೆಯ ಸುತ್ತಳತೆ ಸುಮಾರು 36 ಕಿಲೋಮೀಟರ್. ಒಳಗಿನ ನೆಲ ಸುಮಾರು 84 ಚದರ ಕಿಲೋಮೀಟರ್. ಜನಸಂಖ್ಯೆ ಹತ್ತಿರ ಹತ್ತಿರ ಹತ್ತು ಲಕ್ಷ. ಚದುರಂಗದ ಹಾಸಿನ ಮನೆಗಳಂತೆ ನೇರ ಬೀದಿಗಳಿಂದ ವಿಂಗಡಿಸಲ್ಪಟ್ಟ ನೂರಕ್ಕೂ ಹೆಚ್ಚು ಕೇರಿಗಳು ಅದರಲ್ಲಿದ್ದವು. ಸಂಜೆ ಭೇರಿ ಬಾರಿಸಿದೊಡನೆ ಕೇರಿಗಳ ಬಾಗಿಲುಗಳೆಲ್ಲ ಮುಚ್ಚುತ್ತಿದ್ದವು.

ಚಾಂಗಾನ್ ಎಂಬ ಹೆಸರಿಗೆ ‘ಬಹುಕಾಲದ ಶಾಂತಿ’ ಎಂದು ಅರ್ಥ. ಆ ನಗರಕ್ಕೆ ಹೆಸರಿಗೆ ತಕ್ಕ ಭಾಗ್ಯ ದೊರೆಯಲಿಲ್ಲ. 904ರಲ್ಲಿ ಪ್ರಬಲನಾದ ಒಬ್ಬ ದಂಡನಾಯಕನು ಚಕ್ರವರ್ತಿಯನ್ನು ಬಲವಂತದಿಂದ ಲೋಯಾಂಗ್ ನಗರಕ್ಕೆ ಸಾಗಿಸಿದನು. ಅರಮನೆಗಳನ್ನೂ ಮನೆಗಳನ್ನೂ ಕೆಡವಿಸಿ, ಅವುಗಳ ಮರವನ್ನು ವೇಯ್ ನದಿಯಲ್ಲಿ ತೇಲಿಬಿಟ್ಟು, ಹೊಸ ರಾಜಧಾನಿಯ ಕಡೆಗೆ ಒಯ್ಯಿಸಿದನು. ಒಂದು ಮಹಾನಗರವು ತೊಲೆ, ಕಂಬಗಳಾಗಿ ಹೊಳೆಯಲ್ಲಿ ಹರಿದುಹೋಯಿತು.

ಹಾಗೆ ಹೋಗದೆ ಉಳಿದುದು ಇಟ್ಟಿಗೆಯ ಒಂದು ಗೋಪುರ. ಈಗಿನ ಕೋಟೆಯ ಹೊರಗೆ, ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ ಅದು ನಿಂತಿದೆ. ಟಾಂಗರ ಕಾಲದಲ್ಲಿ ಅದು ಊರೊಳಗೇ ಇದ್ದಿತು. ಅದರ ಹೆಸರು ಮಹಾ ಕಾಡುಹಂಸ ಗೋಪುರ. ಅದನ್ನು ಕಟ್ಟಿಸಿದವನು ನಮಗೆ ಪರಿಚಿತನೇ. ಅರಸನ ಅಪ್ಪಣೆಯಿಲ್ಲದೆ ಗುಟ್ಟಾಗಿ ದೇಶ ಬಿಟ್ಟು, ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ ಭಾರತಕ್ಕೆ ಬಂದು, ನಾಲಂದದಲ್ಲಿ ವ್ಯಾಸಂಗ ಮಾಡಿ, 645ರಲ್ಲಿ 657 ಗ್ರಂಥಗಳೊಡನೆ ಚಾಂಗಾನಿಗೆ ಮರಳಿದ ಹ್ಯುಯೆನ್ ತ್ಸಾಂಗನೇ ಅವನು. ಹೊರಡುವಾಗ ತಲೆಮರೆಸಿಕೊಂಡು ಹೋದವನನ್ನು ಮರಳುವಾಗ ಎದುರುಗೊಳ್ಳಲು ಬೀದಿಗಳಲ್ಲಿ ಜನ ಕಿಕ್ಕಿರಿದಿದ್ದರು. ಚಕ್ರವರ್ತಿ ಉನ್ನತ ಪದವಿಯನ್ನು ನೀಡಲು ಮುಂದಾದರೂ ಭಿಕ್ಷು ಅದನ್ನು ಒಪ್ಪಲಿಲ್ಲ. ಮರುವರ್ಷವೇ ತನ್ನ ಪ್ರವಾಸದ ವೃತ್ತಾಂತವನ್ನು ಶಿಷ್ಯನಿಗೆ ಹೇಳಿ ಬರೆಯಿಸಿದನು. ಹರ್ಷವರ್ಧನನಿಗೆ ಮಣಿಯದ ಪುಲಕೇಶಿಯ ಪ್ರಸ್ತಾಪ, ಉಪಕಾರವನ್ನು ಮರೆಯದ ಹಾಗೂ ಅಪಕಾರಕ್ಕೆ ಸೇಡು ತೀರಿಸದೆ ಬಿಡದ ಅವನ ಪ್ರಜೆಗಳ ವರ್ಣನೆ, ಇವೆಲ್ಲ ಬಂದುದು ಆ ವೃತ್ತಾಂತದಲ್ಲಿಯೇ. ಬಾದಾಮಿಯ ದೊರೆಯನ್ನು ಕುರಿತು ನಾವು ಶಾಲೆಯಲ್ಲಿ ಓದುವ ಮಾತುಗಳು ಮೊದಲು ಲಿಪಿಗಿಳಿದದ್ದು ಈ ದೂರದ ನಗರದಲ್ಲಿ!

ತಾನು ತಂದ ಗ್ರಂಥಗಳಿಗೆ ಬೆಂಕಿಯ ಭಯವಿರಬಾರದೆಂದು ಅವನು 652ರಲ್ಲಿ ಈ ಗೋಪುರವನ್ನು ಕಟ್ಟಿಸಲಾರಂಭಿಸಿದನು. ಐವತ್ತು ವರ್ಷ ಸಮೀಪಿಸಿದ್ದ ಆ ವಿದ್ವಾಂಸನು ಸ್ವತಃ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಅವನ ಶಿಷ್ಯರು ಬರೆದ ಜೀವನಚರಿತ್ರೆ ಹೇಳುತ್ತದೆ. ಮುಂದೆ ಹಲವು ಬಾರಿ ದುರಸ್ತಿಗೊಂಡು ಇಂದು ಏಳು ಅಂತಸ್ತುಗಳಿಂದ 64 ಮೀಟರ್ ಎತ್ತರಕ್ಕೆ ನಿಂತಿರುವ ಗೋಪುರದಲ್ಲಿ ಆ ಗ್ರಂಥಗಳಿಲ್ಲ. ಆದರೆ 664ರಲ್ಲಿ ತೀರಿಕೊಳ್ಳುವವರೆಗೆ ಅವನು ಸಹಾಯಕರೊಡನೆ ಕುಳಿತು ಚೀನೀ ಭಾಷೆಗೆ ತಂದ 75 ಕೃತಿಗಳು ಉಳಿದಿವೆ. ಅವುಗಳಲ್ಲಿ ಕೆಲವಕ್ಕೆ ಸಂಸ್ಕೃತದ ಮೂಲವು ಭಾರತದಲ್ಲಿಯೂ ನಷ್ಟವಾಗಿದೆ. ನಾವು ಕಳೆದುಕೊಂಡುದನ್ನು ಪರಭಾಷೆಯೊಂದು ಕಾಪಾಡಿಕೊಟ್ಟಿದೆ.

ಶನಿವಾರದ ಸಂಜೆ ತಂಡವು ಮುಸಲ್ಮಾನರ ಕೇರಿಯಲ್ಲಿ ಊಟಕ್ಕೆ ಕೂಡುತ್ತದೆ. ರೇಷ್ಮೆಯ ದಾರಿಯಲ್ಲಿ ಪಶ್ಚಿಮದಿಂದ ಬಂದ ವರ್ತಕರ ನೆನಪು ಈ ಕೇರಿಯಲ್ಲಿ ಇನ್ನೂ ಇದೆ. ಇಲ್ಲಿಯ ದೊಡ್ಡ ಮಸೀದಿಯು ಚೀನೀ ದೇವಾಲಯದಂತೆ ಬಾಗಿದ ಹೆಂಚಿನ ಚಾವಣಿಯನ್ನು ಹೊದ್ದಿದೆ. ಗಟ್ಟಿಯಾದ ರೊಟ್ಟಿಯನ್ನು ಉಣ್ಣುವವರೇ ಚೂರು ಚೂರಾಗಿ ಮುರಿದುಕೊಡಬೇಕು. ಅಡಿಗೆಯವನು ಅದಕ್ಕೆ ಕುರಿಮಾಂಸದ ಬಿಸಿ ಸಾರನ್ನು ಸೇರಿಸಿ ತಂದುಕೊಡುತ್ತಾನೆ. ಹಸಿದವರಿಗೆ ಇದು ತಾಳ್ಮೆಯ ಪರೀಕ್ಷೆಯೇ ಸರಿ.

ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಪೂರ್ವದ ಲಿಂಟಾಂಗಿಗೆ ಪ್ರಯಾಣ. 1974ರ ಮಾರ್ಚಿಯಲ್ಲಿ ಇಲ್ಲಿಯ ರೈತರು ನೀರಿಗಾಗಿ ಬಾವಿ ತೋಡುತ್ತಿದ್ದಾಗ ಸುಟ್ಟ ಮಣ್ಣಿನ ಮನುಷ್ಯರೂಪದ ಚೂರುಗಳು ದೊರೆತವು. ಅಗೆದಂತೆ ಸೈನ್ಯವೇ ಹೊರಬಂದಿತು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿ, ಲಿಪಿಗೂ ಅಳತೆ-ತೂಕಗಳಿಗೂ ಒಂದೇ ಕಟ್ಟಳೆಯನ್ನು ವಿಧಿಸಿದ ಚಕ್ರವರ್ತಿ ಚಿನ್ ಷಿ ಹುವಾಂಗನ ಸಮಾಧಿಯ ಕಾವಲಿಗೆಂದು ನಿಲ್ಲಿಸಿದ ಸೈನ್ಯವಿದು. ಸುಮಾರು 230 ಮೀಟರ್ ಉದ್ದದ ಮೊದಲನೆಯ ಗುಂಡಿಯೊಂದರಲ್ಲೇ ಆರು ಸಾವಿರದಷ್ಟು ವಿಗ್ರಹಗಳಿವೆಯೆಂದು ಅಂದಾಜು. ಆಳೆತ್ತರದ ಆ ಸಾಲುಗಳಲ್ಲಿ ಒಂದರ ಮುಖ ಇನ್ನೊಂದರಂತಿಲ್ಲ. ಒಬ್ಬನ ಮೀಸೆ ತಿರುವಿದೆ, ಮತ್ತೊಬ್ಬನ ಕೆನ್ನೆ ತುಂಬಿಕೊಂಡಿದೆ. ಕೆಲವು ವಿಗ್ರಹಗಳ ಮೇಲೆ ಕುಶಲಕರ್ಮಿಗಳ ಹೆಸರುಗಳೂ ಇವೆ. ಅದು ಗೌರವಕ್ಕಾಗಿ ಬರೆದುದಲ್ಲ. ಕೆಲಸದಲ್ಲಿ ಕುಂದು ಕಂಡರೆ ಹೊಣೆಗಾರನನ್ನು ಹಿಡಿಯುವುದಕ್ಕಾಗಿ! ಚಕ್ರವರ್ತಿ ಕ್ರಿ.ಪೂ. 210ರಲ್ಲಿ ಸತ್ತನು, ನಾಲ್ಕೇ ವರ್ಷಗಳಲ್ಲಿ ಅವನ ವಂಶದ ಆಳ್ವಿಕೆ ಮುಗಿಯಿತು. ಹೆಸರಿಸಬೇಕಾದವರಲ್ಲದ ಆ ಕುಂಬಾರರ ಹೆಸರುಗಳು ಉಳಿದುಕೊಂಡವು.

ಗುಂಡಿಗಳಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ಗಿಡಮರಗಳು ಬೆಳೆದ ಮಣ್ಣಿನ ದಿಬ್ಬವಿದೆ. ಅದರಡಿಯಲ್ಲಿ ಚಕ್ರವರ್ತಿಯ ಸಮಾಧಿಯಿದೆ. ಅಲ್ಲಿ ಪಾದರಸದ ನದಿಗಳನ್ನು ಹರಿಯಿಸಿದ್ದರೆಂದು, ನೂರು ವರ್ಷಗಳ ತರುವಾಯ ಇತಿಹಾಸಕಾರ ಸಿಮಾ ಚಿಯೆನ್ ಬರೆದನು. ದಿಬ್ಬದ ಮಣ್ಣನ್ನು ಪರೀಕ್ಷಿಸಿದಾಗ ಪಾದರಸದ ಅಂಶ ಹೆಚ್ಚಾಗಿಯೇ ಕಂಡುಬಂದಿತು. ಹಾಗಿದ್ದೂ ಇದನ್ನು ಇನ್ನೂ ತೆರೆದಿಲ್ಲವೇಕೆ? ತಂಡದಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ.

ಉತ್ತರವು ಅವರು ಆಗತಾನೇ ನೋಡಿಬಂದ ಗುಂಡಿಯಲ್ಲಿಯೇ ಇದೆ. ಈಗ ಬೂದುಬಣ್ಣವಾಗಿ ಕಾಣುವ ಆ ಸೈನಿಕರಿಗೆಲ್ಲ ಒಮ್ಮೆ ಕೆಂಪು, ಹಸಿರು, ನೇರಿಳೆ ಬಣ್ಣಗಳಿದ್ದವು. ಎರಡು ಸಾವಿರ ವರ್ಷ ತೇವದಲ್ಲಿದ್ದ ವಿಗ್ರಹವು ಗಾಳಿಗೆ ಒಡ್ಡಿದ ಕೆಲವೇ ನಿಮಿಷಗಳಲ್ಲಿ ಒಣಗಿ, ಬಣ್ಣದ ಕೆಳಗಿನ ಅರಗಿನಂತಹ ಲೇಪವು ಸುರುಟಿಕೊಂಡು ಉದುರಿಹೋಗುತ್ತಿತ್ತು. ಅದನ್ನು ತಡೆಯುವ ದ್ರವಗಳನ್ನು ತಜ್ಞರು ಕಂಡುಹಿಡಿಯುವ ವೇಳೆಗೆ ಬಹಳಷ್ಟು ಬಣ್ಣ ಹೋಗಿಯಾಗಿತ್ತು. ಬೀಜಿಂಗಿನ ಸಮೀಪದಲ್ಲೂ ಇಂತಹುದೇ ನಡೆದಿತ್ತು. 1956ರಲ್ಲಿ ಅಗೆಯಲಾರಂಭಿಸಿ ಮರುವರ್ಷ ತೆರೆದ ಮಿಂಗ್ ಚಕ್ರವರ್ತಿಯೊಬ್ಬನ ಸಮಾಧಿಯಲ್ಲಿ ರಾಶಿರಾಶಿ ರೇಷ್ಮೆ ವಸ್ತ್ರಗಳು ದೊರೆತವು. ಕಾಪಾಡುವ ವಿಧಾನ ತಿಳಿಯದೆ ಅವು ಬಹುಮಟ್ಟಿಗೆ ಹಾಳಾದವು. 1966ರ ಗಲಭೆಯಲ್ಲಿ ಚಕ್ರವರ್ತಿಯ ಮೂಳೆಗಳನ್ನೂ ಸುಟ್ಟುಹಾಕಿದರು. ಅದಾದಮೇಲೆ ಚೀನಾದ ಪುರಾತತ್ವಜ್ಞರು ಅರಸರ ಸಮಾಧಿಗಳನ್ನು ತಾವಾಗಿ ತೆರೆಯಲು ಹಿಂಜರಿದರು. ಚಿನ್ ಚಕ್ರವರ್ತಿಯ ದಿಬ್ಬವನ್ನು ಮುಟ್ಟುವ ಮಾತನ್ನೂ ಮುಂದಕ್ಕೆ ಹಾಕುತ್ತ ಬಂದಿದ್ದಾರೆ. ಕುತೂಹಲವನ್ನು ಹೀಗೆ ಬಿಗಿಹಿಡಿಯುವುದು, ಅಗೆಯುವುದಕ್ಕಿಂತ ಕಷ್ಟದ ವಿದ್ವತ್ತೆಂದೇ ನನ್ನ ಭಾವನೆ.

ಕೆಲವು ವಿದ್ಯಾರ್ಥಿಗಳಿಗೆ ಈ ಉತ್ತರದಿಂದ ತೃಪ್ತಿಯಾಗುವುದಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗಲೂ ವಾದ ಮುಂದುವರಿಯುತ್ತದೆ. ರಾತ್ರಿಯ ರೈಲು ಅವರನ್ನು ಸೋಮವಾರದ ತರಗತಿಗೆ ಕರೆದೊಯ್ಯುತ್ತದೆ.