ಮಗು ಬೇಕೆಂದವರಿಗೆ ಗರ್ಭನಿರೋಧಕ ಗುಳಿಗೆಯೇ?

ಪ್ರನಾಳ ಶಿಶು ಚಿಕಿತ್ಸೆಗೆಂದು ಹೋದ ಕೆಲವರಿಗೆ ತಜ್ಞರು ಮೊದಲು ಬರೆದುಕೊಡುವುದು ಗರ್ಭನಿರೋಧಕ ಗುಳಿಗೆ! "ಇದೇನು ಡಾಕ್ಟ್ರೇ, ಉಲ್ಟಾ ಔಷಧ?" ಎಂದು ಚೀಟಿ ಹಿಡಿದು ನನ್ನಲ್ಲಿಗೆ ಬರುವವರಿದ್ದಾರೆ.

ಕಾರಣವಿದೆ. ಗುಳಿಗೆಯಿಂದ ಅಂಡಾಶಯಕ್ಕೆ ಕೆಲವು ದಿನ ಬಿಡುವು ಸಿಗುತ್ತದೆ, ಮುಟ್ಟಿನ ದಿನ ಹಿಡಿತಕ್ಕೆ ಬರುತ್ತದೆ. ಆಗ ಅಂಡ ಬೆಳೆಸುವ ಚುಚ್ಚುಮದ್ದನ್ನು ಎಂದು ಆರಂಭಿಸಬೇಕೆಂದು ಮೊದಲೇ ಗೊತ್ತುಮಾಡಬಹುದು. ಹೆಚ್ಚಿನ ಅನುಕೂಲ ಆಸ್ಪತ್ರೆಯ ಕ್ಯಾಲೆಂಡರಿಗೇ ಎನ್ನಿ.

ಆದರೆ 'ಆಂಟಗಾನಿಸ್ಟ್' ಎಂಬ ಚಿಕಿತ್ಸಾಕ್ರಮದಲ್ಲಿ, ಮುಂಚೆ ಗುಳಿಗೆ ನುಂಗಿದವರಲ್ಲಿ ಗರ್ಭ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ ಎಂದು 2017ರ ಕಾಕ್ರೇನ್ ಪರಿಶೀಲನೆ ತಿಳಿಸಿತು. ಈ ಕ್ರಮದಲ್ಲಿ 12ರಿಂದ 28 ದಿನಗಳ ಗುಳಿಗೆ ಬೇಡವೆಂದು ಯುರೋಪಿನ ತಜ್ಞರ ಸಂಘ 2019ರಲ್ಲಿ ಸಲಹೆ ನೀಡಿತು. ಆದ್ದರಿಂದ "ನನಗೆ ಯಾವ ಕ್ರಮ? ಗುಳಿಗೆ ಏಕೆ, ಎಷ್ಟು ದಿನ?" ಎಂದು ಸಂಕೋಚವಿಲ್ಲದೆ ಕೇಳಿ. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ, ಚುಚ್ಚುಮದ್ದಿನ ಲೆಕ್ಕವೆಲ್ಲ ತಪ್ಪುತ್ತದೆ. ಗುಳಿಗೆ ನುಂಗುತ್ತಿರುವಾಗ ಎ.ಎಂ.ಎಚ್. ರಕ್ತಪರೀಕ್ಷೆ ಮಾಡಿಸಿದರೆ ಅಂಕಿ ತಗ್ಗಿರಬಹುದು, ಅದಕ್ಕೂ ಗಾಬರಿ ಬೇಡ.

ಇನ್ನು ಮನೆಯ ಹಿರಿಯರಿಗೊಂದು ಮಾತು. ಮದುವೆಯ ಹೊಸದರಲ್ಲಿ ಸೊಸೆ ಮಾಲಾ-ಡಿ ನುಂಗಿದಳೆಂದು ಬಂಜೆತನ ಬರುವುದಿಲ್ಲ. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಬಹುತೇಕರಲ್ಲಿ ಅಂಡೋತ್ಪತ್ತಿ ಮರಳುತ್ತದೆ. ತಡವಾಗುವುದು ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಚುಚ್ಚುಮದ್ದಿನ ನಂತರ; ಕೊನೆಯ ಚುಚ್ಚುಮದ್ದಾಗಿ ಸುಮಾರು 10 ತಿಂಗಳು ಹಿಡಿಯುವುದುಂಟು. ಅದೂ ಶಾಶ್ವತವಲ್ಲ. ಹಳೆಯ ಗುಳಿಗೆಯನ್ನು ದೂರುವ ಮೊದಲು ಮಗನ ವೀರ್ಯ ಪರೀಕ್ಷೆ ಆಗಿದೆಯೇ, ವಿಚಾರಿಸಿ.