ಮಾತು ಕಡಿಮೆ ಇದ್ದವರು ಮಂದಿಯಲ್ಲಿ ಇರುವುದು ಹೇಗೆ?

ಬೀದರ್ ಜಿಲ್ಲೆಯ ಡಾಬಕಾದಂಥ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಅದು ಊರಿನದೇ ಮದುವೆ. ಹೋಗದಿದ್ದರೆ ‘ಸೊಕ್ಕು ಬಂದದ’ ಎನ್ನುತ್ತಾರೆ. ಹೋಗಿ ಸುಮ್ಮನೆ ಕೂತರೆ ‘ಯಾಕ, ಆರಾಮ ಇಲ್ಲೇನು?’ ಎಂದು ಕೇಳುತ್ತಾರೆ. ಮಾತು ಕಡಿಮೆ ಇರುವ ಹುಡುಗ ಹುಡುಗಿಯರಿಗೆ ಎರಡೂ ಕಷ್ಟ. ಈ ಬರಹ ಅಂಥವರಿಗಾಗಿ. ನೀವು ಮಾತಿನ ಮಲ್ಲರಾಗಬೇಕಿಲ್ಲ. ನಿಮ್ಮ ಸ್ವಭಾವ ಉಳಿಸಿಕೊಂಡೇ ಮಂದಿಯ ನಡುವೆ ನೆಮ್ಮದಿಯಿಂದ ಇರುವುದನ್ನು ರೂಢಿ ಮಾಡಿಕೊಳ್ಳಬಹುದು.

ಹಂತ 1: ನಿಮ್ಮ ಮೌನದ ಕಾರಣ ಗುರುತಿಸಿ

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜನಪ್ರಿಯಗೊಳಿಸಿದ್ದು ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕ. ಹೆಚ್ಚಿನವರು ಈ ಎರಡರ ನಡುವೆ ಎಲ್ಲೋ ಇರುತ್ತಾರೆ. ಮೊಬೈಲಿನಲ್ಲಿ ಸಿಗುವ 16 ಬಗೆಯ ವ್ಯಕ್ತಿತ್ವ ಪರೀಕ್ಷೆಗೆ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಬೇರೆಯೇ ಫಲಿತಾಂಶ ಬರಬಹುದು. ಅದನ್ನು ಹಣೆಬರಹವೆಂದು ನಂಬಬೇಡಿ. ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

• ಮಂದಿಯಲ್ಲಿ ಖುಷಿಯಾಗಿಯೇ ಇದ್ದು, ಆಮೇಲೆ ದಣಿವಾಗಿ ಒಬ್ಬರೇ ಇರಬೇಕು ಅನಿಸುತ್ತದೆಯೇ? ಇದು ಸ್ವಭಾವ.
• ಹೋಗುವ ಮೊದಲೇ ಎದೆ ಡವಡವ ಎಂದು, ಕೈ ಬೆವರಿ, ‘ಯಾರಾದರೂ ನಕ್ಕರೆ?’ ಎಂಬ ಅಂಜಿಕೆ ಹುಟ್ಟುತ್ತದೆಯೇ? ಇದು ಭಯ.
• ಮನೆಯಲ್ಲಿ ಹರಟುವ ನಿಮಗೆ ಕಾಲೇಜಿನಲ್ಲಿ ಮಾತ್ರ ಬಾಯಿ ಕಟ್ಟುತ್ತದೆಯೇ? ಇದು ಬಹುಶಃ ಭಾಷೆಯ ಹಿಂಜರಿಕೆ.

ಮೂರನೆಯದನ್ನು ನಮ್ಮ ಗಡಿಭಾಗದವರು ವಿಶೇಷವಾಗಿ ಗಮನಿಸಬೇಕು. ಔರಾದ್ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಮರಾಠಿ ಆಡಿ ಬೆಳೆದವರಿಗೆ ಭಾಲ್ಕಿ ಅಥವಾ ಬೀದರ್‌ನ ಕಾಲೇಜಿನಲ್ಲಿ ಪುಸ್ತಕದ ಕನ್ನಡವೂ ಇಂಗ್ಲಿಷೂ ಒಟ್ಟಿಗೇ ಎದುರಾಗುತ್ತವೆ. ತಪ್ಪಾದೀತೆಂದು ಅವರು ಸುಮ್ಮನಾಗುತ್ತಾರೆ. ಅಂಥವರಿಗೆ ಬೇಕಾದದ್ದು ಭಾಷೆಯ ರೂಢಿ: ದಿನಕ್ಕೊಂದು ಸುದ್ದಿಯನ್ನು ಗಟ್ಟಿಯಾಗಿ ಓದುವುದು, ಅದನ್ನೇ ಗೆಳೆಯರೊಬ್ಬರಿಗೆ ತಮ್ಮ ಮಾತಿನಲ್ಲಿ ಹೇಳುವುದು.

ಹಂತ 2: ಮಾತಿನ ಎಳೆ ಮೊದಲೇ ಸಿದ್ಧಪಡಿಸಿ

ಹೊರಡುವ ಮುನ್ನ ಎರಡು ಮೂರು ಪ್ರಶ್ನೆ ಯೋಚಿಸಿಡಿ. ಹಿರಿಯರಿಗೆ: ‘ಕಾಕಾ, ಈ ಸಲ ಸೋಯಾ ಹ್ಯಾಂಗ ಬಂತ್ರಿ?’, ‘ತೊಗರಿಗೆ ರೇಟ್ ಏನ್ ಸಿಕ್ತ್ರಿ?’ ಓರಗೆಯವರಿಗೆ: ‘ಈಗ ಏನ್ ಓದ್ತಿದ್ದಿ?’ ಪ್ರಶ್ನೆ ನಿಮ್ಮದಾದರೆ ಹೆಚ್ಚು ಮಾತಾಡುವ ಭಾರ ಎದುರಿನವರದಾಗುತ್ತದೆ. ಗಮನವಿಟ್ಟು ಕೇಳುವುದು ನಿಮಗೆ ಮೊದಲೇ ಬರುತ್ತದೆ.

ಹಂತ 3: ಬೇಗ ಹೋಗಿ, ಒಂದು ಕೆಲಸ ಹಿಡಿಯಿರಿ

ತುಂಬಿದ ಮಂಟಪಕ್ಕೆ ತಡವಾಗಿ ಕಾಲಿಟ್ಟರೆ ಎಲ್ಲರ ಕಣ್ಣು ನಿಮ್ಮ ಮೇಲೆ. ಹತ್ತು ಜನ ಇರುವಾಗಲೇ ಹೋದರೆ ಅಂಜಿಕೆ ಕಡಿಮೆ. ನೀರು ಕೊಡುವುದು, ಅಕ್ಷತೆ ಹಂಚುವುದು, ಪಂಕ್ತಿಯಲ್ಲಿ ಬಡಿಸುವುದು ಇಂಥದ್ದೊಂದನ್ನು ವಹಿಸಿಕೊಳ್ಳಿ. ಕೈಗೆ ಕೆಲಸ ಇದ್ದಾಗ ‘ಇನ್ನಷ್ಟು ಹಾಕ್ಲೇನ್ರಿ?’ ಎಂಬಷ್ಟೇ ಮಾತು ಸಾಕು, ಎಲ್ಲರನ್ನೂ ಕಂಡಂತಾಗುತ್ತದೆ.

ಹಂತ 4: ದಣಿದಾಗ ಹೊರಬನ್ನಿ

ಗದ್ದಲ ತಲೆಗೇರಿದರೆ ಹತ್ತು ನಿಮಿಷ ಮರದ ನೆರಳಿಗೆ ಹೋಗಿ ನಿಲ್ಲಿ, ಮತ್ತೆ ಒಳಗೆ ಬನ್ನಿ. ಮನೆಗೇ ಹೊರಡುವುದಾದರೆ ಮನೆಯ ಯಜಮಾನರಿಗೆ ‘ಬರ್ತೀನ್ರಿ’ ಎಂದು ಹೇಳಿಯೇ ಹೊರಡಿ. ಹೇಳದೆ ಹೋದವರ ಬಗ್ಗೆ ಊರು ಮಾತಾಡುತ್ತದೆ, ಹೇಳಿ ಹೋದವರನ್ನು ಯಾರೂ ತಡೆಯುವುದಿಲ್ಲ.

ಹಂತ 5: ಸಣ್ಣ ಕೂಟ ನೀವೇ ಸೇರಿಸಿ

ಇದಕ್ಕೆ ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಹಾಸ್ಟೆಲಿನ ಇಬ್ಬರು ಗೆಳೆಯರನ್ನು ಹೊಲಕ್ಕೆ ಕರೆಯಿರಿ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎದುರಿಗಿದ್ದಾಗ ಮಾತಿಗೆ ಒತ್ತಾಯವಿಲ್ಲ. ಇಬ್ಬರ ಸ್ನೇಹ ಗಟ್ಟಿಯಾದರೆ ಅವರ ಮೂಲಕ ಉಳಿದವರು ತಾವಾಗಿ ಪರಿಚಯವಾಗುತ್ತಾರೆ.

ಹಂತ 6: ಭಯವಿದ್ದರೆ ಮೆಟ್ಟಿಲು ಮಾಡಿಕೊಳ್ಳಿ

ಅಂಜಿಕೆ ಹುಟ್ಟಿಸುವ ಕೆಲಸಗಳನ್ನು ಸುಲಭದಿಂದ ಕಷ್ಟಕ್ಕೆ ಬರೆದುಕೊಳ್ಳಿ: ಕಂಡಕ್ಟರ್‌ಗೆ ಬಸ್ಸಿನ ಸಮಯ ಕೇಳುವುದು, ಪಾಠ ಮುಗಿದ ಮೇಲೆ ಮೇಷ್ಟ್ರ ಬಳಿ ಒಂದು ಸಂಶಯ ಕೇಳುವುದು, ತರಗತಿಯಲ್ಲಿ ಎದ್ದು ಉತ್ತರಿಸುವುದು. ಒಂದು ಮೆಟ್ಟಿಲು ಸಲೀಸಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಎದುರಿಸುತ್ತ ಹೋದಂತೆ ಇಳಿಯುತ್ತದೆ.

ಭಯದಿಂದ ಪರೀಕ್ಷೆ, ಸಂದರ್ಶನ, ಊಟ, ನಿದ್ದೆ ಕೆಡುತ್ತಿದ್ದರೆ ಒಬ್ಬರೇ ಹೆಣಗಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ತೋರಿಸಿಕೊಳ್ಳಲು ಬೀದರ್‌ನ ಬ್ರಿಮ್ಸ್ ಆಸ್ಪತ್ರೆ ಇದೆ.

ಮನೆಯ ಹಿರಿಯರಲ್ಲಿ ಒಂದು ಕೋರಿಕೆ. ನಾಲ್ಕು ಮಂದಿಯ ಎದುರು ‘ಇಂವಾ ಮಾತೇ ಆಡಂಗಿಲ್ಲ’ ಎಂದು ಮಗುವಿನ ಬಗ್ಗೆ ಹೇಳಬೇಡಿ. ಆ ಮಾತು ಕೇಳಿ ಕೇಳಿ ಮಗು ಅದನ್ನೇ ನಿಜವೆಂದು ನಂಬುತ್ತದೆ. ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯಿರಿ.