ಶ್ರೀರಂಗಪಟ್ಟಣದ ಮೇಜಿಗೆ ಸೈನ್ಯ ಕಟ್ಟುವವರ ಗಮನಕ್ಕೆ

ಟಿಪ್ಪುವಿನ ಮೈಸೂರು ಸೈನ್ಯವನ್ನೋ ಅದರ ಎದುರಾಳಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನೋ 28 ಮಿಲಿಮೀಟರ್ ಗೊಂಬೆಗಳಲ್ಲಿ ಜೋಡಿಸಿ, ಬಣ್ಣ ಹಚ್ಚಿ, ನಮ್ಮ ಮೇಜಿನ ಮೇಲೆ ಕಾದಾಡಲು ಬರುವವರು ಇದನ್ನು ಓದಿಕೊಂಡೇ ಬರತಕ್ಕದ್ದು. ಓದದೆ ಬಂದವರಿಗೆ ಕಾಫಿ ಉಂಟು, ಮೇಜಿನಲ್ಲಿ ಜಾಗವಿಲ್ಲ.

ಮೊದಲು ವರ್ಷ. ಗೊಂಬೆ ಕೊಳ್ಳುವ ಮಾತು ಆಮೇಲೆ. ಮೈಸೂರು ಯುದ್ಧಗಳು 1767ರಿಂದ 1799ರವರೆಗೆ ನಾಲ್ಕು ಸಲ ನಡೆದವು. ಈ ಮೂವತ್ತೆರಡು ವರ್ಷಗಳಲ್ಲಿ ದೊರೆ ಬದಲಾದ, ಅಂಗಿ ಬದಲಾಯಿತು, ಎದುರಾಳಿಯ ಟೋಪಿಯೂ ಬದಲಾಯಿತು. ನಮ್ಮ ಮೇಜಿನ ವರ್ಷ 1799, ತಿಂಗಳು ಏಪ್ರಿಲ್ ಮತ್ತು ಮೇ. ಅಂಗಿಯ ಬಣ್ಣದಿಂದ ಹಿಡಿದು ಕಾಲಡಿಯ ಮಣ್ಣಿನವರೆಗೆ ಎಲ್ಲವೂ ಇದಕ್ಕೆ ಒಪ್ಪಬೇಕು. "ಹೆಚ್ಚುಕಮ್ಮಿ ಆ ಕಾಲದ್ದೇ" ಎಂಬ ಸಮಜಾಯಿಷಿಯನ್ನು ಕೇಳಿಸಿಕೊಳ್ಳಲಾಗುವುದಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರ ನೋಡಿ ಬಣ್ಣ ಹಚ್ಚಬೇಡಿ. ನೋಡಲು ಹೋಗಿ, ಖಂಡಿತ ಹೋಗಿ. ಪಲ್ಲಕ್ಕಿಯಲ್ಲಿ ಕುಳಿತ ಕಂಪನಿಯ ಕರ್ನಲ್ ಬೇಲಿ, ಸಾಲುಗಟ್ಟಿದ ಕೆಂಪಂಗಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಇಂಥ ಚಿತ್ರ ನಾಡಿನಲ್ಲಿ ಮತ್ತೊಂದಿಲ್ಲ. ಆದರೆ ಅದು ತೋರಿಸುವುದು 1780ರ ಪೊಲ್ಲಿಲೂರು ಕಾಳಗವನ್ನು. ಮೇಲಾಗಿ ಅದರ ಮೇಲೆ ಮುಂದಿನವರು ಮತ್ತೆ ಬಣ್ಣ ಬಳಿಸಿದ್ದಾರೆ. ಪಡೆಗಳು ನಿಲ್ಲುವ ಬಗೆಯನ್ನು ಅಲ್ಲಿಂದ ಕಲಿಯಿರಿ, ಬಣ್ಣವನ್ನು ಬೇಡ. ಇದಕ್ಕಿಂತ ನಂಬಬಹುದಾದದ್ದು ಕಾರ್ನ್‌ವಾಲಿಸನ ದಂಡಿನ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಕಣ್ಣಾರೆ ಕಂಡು ಬರೆದ ಚಿತ್ರಗಳು. ಆತನ ಮೈಸೂರು ನೋಟಗಳ ಪುಸ್ತಕ 1794ರಲ್ಲೇ ಅಚ್ಚಾಯಿತು. ಟಿವಿ ಧಾರಾವಾಹಿಯ ಪೋಷಾಕು ತೋರಿಸಿ ವಾದಿಸುವವರಿಗೆ ಉತ್ತರ ಕೊಡುವುದಿಲ್ಲ.

ಹುಲಿಪಟ್ಟೆಯ ಅಂಗಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಎಲ್ಲರೂ ಎಡವುವುದು ಅಲ್ಲೇ. ಟಿಪ್ಪುವಿನ ಖಾಯಂ ಕಾಲಾಳುಗಳದ್ದು ನೇರಳೆ ಬಣ್ಣದ ಅಂಗಿ, ಅದರ ಮೇಲೆ ಹರಳಿನಾಕಾರದ ಬಿಳಿ ಗುರುತುಗಳು. ತಲೆಗೆ ಕೆಂಪು ಮುಂಡಾಸು, ನಡುವಿಗೆ ಅದೇ ಕೆಂಪಿನ ಪಟ್ಟಿ. ಕಾಲು ಬರಿಗಾಲು, ಇಲ್ಲವೇ ಚಪ್ಪಲಿ. ಕಿತ್ತಳೆ ಮೈಗೆ ಕಪ್ಪು ಗೆರೆ ಎಳೆದು ನಿಜವಾದ ಹುಲಿಯನ್ನೇ ಮಾಡಿಟ್ಟ ಸಿಪಾಯಿಗಳನ್ನು ವಾಪಸು ಕಳಿಸಲಾಗುವುದು. ಬೂಟು ತೊಟ್ಟವರನ್ನೂ ಅಷ್ಟೇ. ಚಾಕುವಿನಿಂದ ಬೂಟಿನ ಅಂಚು ಕೆರೆದು, ಕಾಲಿಗೆ ಮೈಬಣ್ಣ ಹಚ್ಚಿದರೆ ಸರಿಹೋಗುತ್ತದೆ. ನೇರಳೆಗೆ ನೀಲಿಯಲ್ಲಿ ಒಂದಿಷ್ಟು ಕೆಂಪು ಬೆರೆಸಿ. ಪ್ರತಿ ತಂಡಕ್ಕೂ ಹೊಸದಾಗಿ ಬೆರೆಸಿ, ಒಂದೇ ಬಾಟಲಿಯಿಂದ ಇಡೀ ಸೈನ್ಯಕ್ಕೆ ಹಚ್ಚಬೇಡಿ. ಅಂದಿನ ಬಣ್ಣದ ತೊಟ್ಟಿಯಿಂದ ಎರಡು ಸಲ ಒಂದೇ ಬಣ್ಣ ಬರುತ್ತಿರಲಿಲ್ಲ, ಬಿಸಿಲು ಮಳೆಗೆ ಅಂಗಿ ಮಾಸದೆ ಇರುತ್ತಲೂ ಇರಲಿಲ್ಲ. ಬಿಳಿ ಗುರುತುಗಳನ್ನು ಲೆಕ್ಕ ಹಾಕಿ ಬಿಡಿಸಲು ಕೂರಬೇಡಿ. ಅಚ್ಚಬಿಳಿ ಬೇಡ, ಮಜ್ಜಿಗೆಬಿಳಿ ಸಾಕು. ಬ್ರಷ್ಷಿನ ತುದಿಯಿಂದ ಓರೆಯಾಗಿ ಚಿಕ್ಕ ಚಿಕ್ಕ ಗೀಟು, ಒಂದು ಸಾಲು ಬಿಟ್ಟು ಇನ್ನೊಂದು ಸಾಲು ಜರುಗಿಸಿ. ಎದೆಯ ಮೇಲೆ ಹತ್ತು ಹನ್ನೆರಡು ಬಿದ್ದರೆ ಮುಗಿಯಿತು. ಮೂರಡಿ ದೂರದಿಂದ ನೋಡುವವರಿಗೆ ಅದು ಹುಲಿಯಂಗಿಯೇ. ಭೂತಗನ್ನಡಿ ಹಿಡಿದು ನೋಡುವವರು ಆಟಕ್ಕೆ ಬರುವುದಿಲ್ಲ.

1780ರ ಪೊಲ್ಲಿಲೂರನ್ನೇ ಆಡುತ್ತೇವೆಂದು ಬೇರೆ ಮೇಜು ಹಾಕಿಕೊಳ್ಳುವವರು ಈ ಅಂಗಿಯನ್ನು ಅಲ್ಲಿಗೆ ಒಯ್ಯಬಾರದು. ಆಗ ಆಳುತ್ತಿದ್ದವನು ಟಿಪ್ಪುವಿನ ತಂದೆ ಹೈದರ್. ಟಿಪ್ಪು ಪಟ್ಟಕ್ಕೆ ಬಂದದ್ದು 1782ರ ಡಿಸೆಂಬರಿನಲ್ಲಿ, ಹುಲಿಯ ಗುರುತು ಅವನ ಆಳ್ವಿಕೆಯದು.

ಕಂಪನಿ ಕಡೆಯವರಿಗೆ: ವಾಟರ್ಲೂ ಗೊಂಬೆಗಳ ಪ್ಲಾಸ್ಟಿಕ್ ಡಬ್ಬಿ ಸುಲಭವಾಗಿ ಸಿಗುತ್ತದೆಂದು ತಂದು ನಿಲ್ಲಿಸಬೇಡಿ. ಆ ಹೊಗೆಕೊಳವೆಯಂಥ ಎತ್ತರದ ಟೋಪಿ ಬ್ರಿಟಿಷ್ ಕಾಲಾಳುಗಳ ತಲೆಗೆ ಬಂದದ್ದು 1800ರಲ್ಲಿ. ಶ್ರೀರಂಗಪಟ್ಟಣದ ಕೋಟೆ ಬಿದ್ದ ಮರುವರ್ಷ! ದುಂಡು ಹ್ಯಾಟಿನ ತಲೆಗಳನ್ನು ಬೇರೆಯಾಗಿ ತರಿಸಿ ಅಂಟಿಸಿ. ಸಮಯವಿಲ್ಲದವರು ಆರ್ಥರ್ ವೆಲ್ಲೆಸ್ಲಿಯ 33ನೆಯ ರೆಜಿಮೆಂಟನ್ನು ಆರಿಸಿಕೊಳ್ಳಿ. ಅವರ ಕಾಲರು, ಕೈಪಟ್ಟಿಗಳೂ ಕೆಂಪೇ, ಒಂದು ಬಣ್ಣದ ಕೆಲಸ ಉಳಿಯಿತು. ಕೆಂಪಿನ ಮೇಲೆ ಹಳದಿ ಎದ್ದು ಕಾಣಬೇಕೆನ್ನುವವರಿಗೆ 12ನೆಯ ರೆಜಿಮೆಂಟ್ ಇದೆ.

ಒಂದು ದಳ ಮುಗಿಯುವವರೆಗೆ ಇನ್ನೊಂದನ್ನು ಕೊಳ್ಳಕೂಡದು. 40 ಮಿಲಿಮೀಟರ್ ಚೌಕದ ಬೇಸಿಗೆ ನಾಲ್ವರಂತೆ ಆರು ಬೇಸು, ಅಂದರೆ ಇಪ್ಪತ್ನಾಲ್ಕು ಮಂದಿ. ಅದಕ್ಕೊಂದು ಫಿರಂಗಿ. ಮೊದಲ ಸಲಕ್ಕೆ ಇಷ್ಟೇ. ರಾಹುತರ ಆಸೆ ಎಲ್ಲರಿಗೂ ಇರುತ್ತದೆ, ಕುದುರೆಗೆ ಬಣ್ಣ ಹಚ್ಚುವ ತಾಳ್ಮೆ ಕೆಲವರಿಗೆ ಮಾತ್ರ.

ಜೋಡಣೆಗೆ ಹೆಚ್ಚು ಮಾತು ಬೇಡ. ಸೋಪುನೀರಿನಲ್ಲಿ ತೊಳೆಯಿರಿ, ಅಚ್ಚಿನ ಗೆರೆಯನ್ನು ಅರದಿಂದ ಉಜ್ಜಿ ತೆಗೆಯಿರಿ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟು, ಲೋಹಕ್ಕೆ ಮತ್ತು ರೆಸಿನ್ನಿಗೆ ಫೆವಿಕ್ವಿಕ್, ಅದಲುಬದಲು ಮಾಡಬೇಡಿ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿ, ಮುಗಿದ ಮೇಲೆ ಕೈ ತೊಳೆಯಿರಿ, ಊಟದ ಮೇಜಿನ ಮೇಲೆ ಈ ಕೆಲಸ ಕೂಡದು, ಚಿಕ್ಕ ಮಕ್ಕಳ ಕೈಗೆ ಕೊಡಲೇಕೂಡದು. ಬ್ರಷ್ಷಿನ ತುದಿ ಚೂಪು ಮಾಡಲು ಬಾಯಿಗಿಡುವ ಚಾಳಿ ಇದ್ದವರು ಇಂದೇ ಬಿಡಿ.

ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ನಿಂತು ಪ್ರೈಮರ್ ಸ್ಪ್ರೇ ಮಾಡಬಾರದು. ಗಾಳಿಯ ತೇವಕ್ಕೆ ಮೇಲ್ಮೈ ಹಾಳಾಗುತ್ತದೆ. ಮ್ಯಾಟ್ ವಾರ್ನಿಷ್ ಆದರೆ ಬೂದಿ ಎರಚಿದಂತೆ ಬೆಳ್ಳಗಾಗಿ, ಮಾಡಿದ ಕೆಲಸವೆಲ್ಲ ಮುಸುಕಾಗುತ್ತದೆ. ಏಪ್ರಿಲ್ಲಿನ ನಡುಹಗಲಿನಲ್ಲೂ ಬೇಡ, ಬಣ್ಣ ಗೊಂಬೆಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ ಮರಳುಮರಳಾಗಿ ಕೂರುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್ಷಿನಿಂದಲೇ ಪ್ರೈಮರ್ ಹಚ್ಚಿ.

ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ತೆಳುವಾಗಿ ಎರಡು ಸಲ ಹಚ್ಚಿ. ಒಬ್ಬೊಬ್ಬನನ್ನೇ ಮುಗಿಸುತ್ತ ಕೂತರೆ ಸೈನ್ಯ ಎಂದೂ ಮುಗಿಯುವುದಿಲ್ಲ. ಹನ್ನೆರಡು ಮಂದಿಯನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಅಂಗಿ, ಆಮೇಲೆ ಎಲ್ಲರ ಮುಂಡಾಸು. ಮೈಬಣ್ಣ ಮಾತ್ರ ಎಲ್ಲರಿಗೂ ಒಂದೇ ಕಂದು ಆಗಕೂಡದು. ನಿಮ್ಮ ಬೀದಿಯಲ್ಲಿ ನಿಂತು ನೋಡಿ, ಹನ್ನೆರಡು ಜನರಲ್ಲಿ ಎಷ್ಟು ಬಣ್ಣಗಳಿವೆ ಎಂದು. ಕಣ್ಣು ಬಿಡಿಸಬೇಡಿ. ಹುಬ್ಬಿನ ಕೆಳಗೊಂದು ಗಾಢ ನೆರಳು ಸಾಕು, ಇಲ್ಲದಿದ್ದರೆ ದಳವೆಲ್ಲ ಬೆಚ್ಚಿಬಿದ್ದಂತೆ ಕಾಣುತ್ತದೆ.

ಫಿರಂಗಿ ಎಳೆಯುವ ಎತ್ತುಗಳ ವಿಷಯದಲ್ಲಿ ರಿಯಾಯಿತಿ ಇಲ್ಲ. ಹೊರದೇಶದ ಡಬ್ಬಿಗಳಲ್ಲಿ ಬರುವವು ಬಹುಪಾಲು ಯುರೋಪಿನ ಎತ್ತುಗಳು. ಹಿಣಿಲಿಲ್ಲ, ಗಂಗೆದೊಗಲಿಲ್ಲ, ಗಿಡ್ಡ ಕೊಂಬು, ಕೆಂಪು ಮೈ. ಅವು ಶ್ರೀರಂಗಪಟ್ಟಣದ ಫಿರಂಗಿಗೆ ಹೆಗಲು ಕೊಡಲಾರವು. ಇಲ್ಲಿ ದುಡಿದದ್ದು ಅಮೃತಮಹಲ್. ಒಡೆಯರ ಕಾಲದ ದನಗಳ ಇಲಾಖೆ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅದು, ಅವನ ದಂಡು ಮಿಂಚಿನಂತೆ ಸಾಗಿದ್ದು ಅವುಗಳ ಬೆನ್ನಿನ ಮೇಲೆ. 1799ರಲ್ಲಿ ಆ ಹಿಂಡುಗಳು ಬ್ರಿಟಿಷರ ಕೈಸೇರಿದವು. ಎಂ-ಸೀಲ್ ಉಂಡೆಮಾಡಿ ಹಿಣಿಲು ಕೂರಿಸಿ, ಕುತ್ತಿಗೆಯಡಿ ಗಂಗೆದೊಗಲು ಎಳೆಯಿರಿ. ಕೊಂಬು ಕತ್ತರಿಸಿ ತಂತಿ ಚುಚ್ಚಿ: ಬುಡದಲ್ಲಿ ಹತ್ತಿರ, ನೀಳವಾಗಿ ಹಿಂದಕ್ಕೆ ಬಾಗಿ, ತುದಿ ಚೂಪು. ಮೈಗೆ ಬೂದು, ಕುತ್ತಿಗೆ ಹಿಣಿಲಿನ ಹತ್ತಿರ ಇನ್ನಷ್ಟು ಗಾಢ. ಈ ಒಂದು ಕೆಲಸಕ್ಕೆ ಇಡೀ ಭಾನುವಾರ ಹೋದರೂ ನಷ್ಟವಿಲ್ಲ.

ರಾಕೆಟ್ಟಿನವರನ್ನು ಮರೆಯಬಾರದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವಲ್ಲ, ಅವು ಸುಮಾರು ಒಂದು ಗೇಣುದ್ದದ ಕಬ್ಬಿಣದ ಕೊಳವೆಗಳು. ನಮ್ಮ ಅಳತೆಗೆ ನಾಲ್ಕು ಮಿಲಿಮೀಟರ್ ಆಯಿತು. ಕೊಳವೆಗೆ ಕಟ್ಟುವ ಬಿದಿರಿಗೆ ಪೊರಕೆಯ ತೆಂಗಿನ ಕಡ್ಡಿಯ ತುದಿ ಸಾಕು. ಇಂಗ್ಲಿಷ್ ರಾಕೆಟ್ಟುಗಾರ ಕಾಂಗ್ರೀವನ ಏಣಿಚೌಕಟ್ಟಿನ ಗೊಂಬೆಗಳನ್ನು ತರಬೇಡಿ. ಆತ ತನ್ನ ರಾಕೆಟ್ ಮಾಡಿದ್ದು ಇವನ್ನು ನೋಡಿದ ಮೇಲೆ. ರಾಕೆಟ್ ಇದೆಯೆಂದು ಮೇಜಿನ ಮೇಲೆ ಏನನ್ನೂ ನಿಜವಾಗಿ ಹಾರಿಸುವಂತಿಲ್ಲ. 1913ರಲ್ಲಿ ಎಚ್. ಜಿ. ವೆಲ್ಸ್ ಗೊಂಬೆ ಸಿಪಾಯಿಗಳ ಆಟದ ಪುಸ್ತಕ 'ಲಿಟಲ್ ವಾರ್ಸ್' ಬರೆದಾಗ ಸ್ಪ್ರಿಂಗ್ ಫಿರಂಗಿಯಿಂದ ಮರದ ತುಂಡು ಹಾರಿಸಿ ಸಿಪಾಯಿಗಳನ್ನು ಉರುಳಿಸುತ್ತಿದ್ದರು. ನಮ್ಮಲ್ಲಿ ಉರುಳುವುದು ದಾಳ ಮಾತ್ರ. ದೀಪಾವಳಿಯಲ್ಲಿ ಉಳಿದ ಸರಕನ್ನು ಜೇಬಿನಲ್ಲಿಟ್ಟುಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯಲಾಗುವುದು.

ಗೊಂಬೆಯ ಬೇಸಿನ ಮೇಲೆ ಹಸಿರು ಹುಲ್ಲುಪುಡಿ ಎರಚಬೇಡಿ. ಕೋಟೆ ಬಿದ್ದ ಮೇ 4ರಂದು ಕಂಪನಿಯ ದಾಳಿಯವರು ಬಂಡೆಗಳ ನಡುವೆ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿದರು, ಅದು ಅಂಥ ಬೇಸಿಗೆ. ಜರಡಿ ಹಿಡಿದ ಮರಳನ್ನು ಫೆವಿಕಾಲಿನಿಂದ ಅಂಟಿಸಿ ಕೆಂಗಂದು ಹಚ್ಚಿ, ಒಣಬ್ರಷ್ಷಿನಲ್ಲಿ ಮಾಸಲು ಹಳದಿ ಸವರಿ, ಅಲ್ಲೊಂದು ಇಲ್ಲೊಂದು ಒಣಹುಲ್ಲು ನೆಡಿ. ಹಸಿರು ಬೇಕೇ ಬೇಕೆನ್ನುವವರು ಸುಲ್ತಾನ್‌ಪೇಟೆಯ ತೋಪು ಮಾಡಿ ತನ್ನಿ. ಏಪ್ರಿಲ್ 5ರ ರಾತ್ರಿ ವೆಲ್ಲೆಸ್ಲಿ ದಾರಿ ತಪ್ಪಿ ಪೆಟ್ಟು ತಿಂದು ಹಿಂದಿರುಗಿದ್ದು ಆ ತೋಪು ಕಾಲುವೆಗಳ ಕತ್ತಲಲ್ಲೇ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ದಾಳ ಕೈಯಲ್ಲಿರುವಾಗ ಕೂಡದು. ಒಂದು ಸಲ ಮೈಸೂರು ಆಡಿದವರು ಮುಂದಿನ ಸಲ ಕಂಪನಿ ಆಡತಕ್ಕದ್ದು. ಬಣ್ಣ ಹಚ್ಚದ ಗೊಂಬೆ ಮೇಜಿನ ಮೇಲೆ ಬರಕೂಡದು, ಎತ್ತಿನ ಜೋಡಿಗೂ ವಿನಾಯಿತಿಯಿಲ್ಲ. ಪರರ ಸೈನ್ಯ ಮುಟ್ಟುವ ಮೊದಲು ಕೇಳಿ. ಬೇಸು ಹಿಡಿದೇ ಎತ್ತಿ, ಬಂದೂಕಿನ ತುದಿ ಹಿಡಿದು ಎತ್ತಬೇಡಿ. ಬಸ್ಸಿನಲ್ಲಿ ಬರುವವರು ಬೇಸಿನಡಿ ಅಯಸ್ಕಾಂತದ ಹಾಳೆ ಅಂಟಿಸಿ, ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಬನ್ನಿ. ಡಬ್ಬಿ ತೊಡೆಯ ಮೇಲಿರಲಿ, ಮೇಲಿನ ಕ್ಯಾರಿಯರಿನಲ್ಲಿ ಬೇಡ.